ಯಾರ ಕೈಚಳಕ?

ನನ್ನ ಅಕ್ಕನ ಗಂಡನನ್ನು ಎಲ್ಲರೂ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಮನೆ ಕಟ್ಟುವ ಮೇಸ್ತ್ರಿ ಎಂದುಕೊಂಡು ಯಾರಾದರೂ ಗೋಡೆ ಬಿರುಕು ಬಿಟ್ಟ ವಿಷಯ ತೆಗೆದರೆ ಅವರ ಮುಖ ನೋಡಬೇಕಿತ್ತು. ಅವರು ಗಾಲ್ಫ್ ಆಡುವ ಕೋಲುಗಳನ್ನು ರಿಪೇರಿ ಮಾಡುವ ಮೇಸ್ತ್ರಿ. ಆ ಕೋಲಿಗೂ ಕ್ಲಬ್ಬು ಅನ್ನುತ್ತಾರೆ, ಅದನ್ನು ಆಡುವವರು ಸೇರುವ ಜಾಗಕ್ಕೂ ಕ್ಲಬ್ಬು ಅನ್ನುತ್ತಾರೆ. ಕ್ಲಬ್ಬಿನಲ್ಲಿ ಕ್ಲಬ್ಬು ಮುರಿಯಿತು ಎಂದರೆ ಯಾರಿಗೆ ಏನು ಅರ್ಥವಾಗಬೇಕು? ಅದಕ್ಕೇ ಅಲ್ಲಿ ಕೆಲಸಕ್ಕಿದ್ದ ನಾವೆಲ್ಲ ಕೋಲು ಎಂದೇ ಹೇಳಿಕೊಂಡು ಬಂದೆವು. ಸದಸ್ಯರ ಕಿವಿಗೆ ಇದು ಒರಟಾಗಿ ಕೇಳುತ್ತಿತ್ತು. ಆದರೆ ತಮ್ಮ ಕೆಲಸ ಆಗಬೇಕಾದಾಗ ಅವರೂ "ಮೇಸ್ತ್ರಿ, ನನ್ನ ಕೋಲು ಸ್ವಲ್ಪ ನೋಡಿ" ಎಂದೇ ಬರುತ್ತಿದ್ದರು.

ಅದೇ ಕ್ಲಬ್ಬಿನಲ್ಲಿ ನಾನು ಕ್ಯಾಂಟೀನ್ ನಡೆಸುತ್ತಿದ್ದೆ. ಚಹಾ, ಬ್ರೆಡ್ಡು, ಬೇಯಿಸಿದ ಮೊಟ್ಟೆ. ಇಷ್ಟನ್ನೇ ಬೆಳಗಿನಿಂದ ಸಂಜೆಯವರೆಗೆ ಮಾಡಿ ಮಾಡಿ ನನ್ನ ನಾಲಿಗೆ ಚೂಪಾಗಿದೆ ಎಂದು ಭಾವ ಹೇಳುತ್ತಿದ್ದರು. ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ, ಕ್ಯಾಂಟೀನಮ್ಮ ಎಂದೇ ಕರೆಯುವುದು. ಅವರ ವರ್ಕ್‌ಶಾಪು ನನ್ನ ಅಡುಗೆಕೋಣೆಯ ಬೆನ್ನಿಗೆ ಇತ್ತು. ನಡುಗೋಡೆಯಲ್ಲಿ ಒಂದು ಕಿಟಕಿ. ಆ ಕಿಟಕಿಯಿಂದ ನಾನು ಚಹಾ ದಾಟಿಸುವುದು, ಅವರು ಖಾಲಿ ಲೋಟ ದಾಟಿಸುವುದು. ಅವರ ಬದುಕನ್ನು ನಾನು ಹೆಚ್ಚಾಗಿ ನೋಡಿದ್ದು ಆ ಕಿಟಕಿಯಿಂದಲೇ.

ಒಳಗೆ ಉದ್ದನೆಯ ಬೆಂಚು, ಅದರ ತುದಿಯಲ್ಲಿ ಕೋಲನ್ನು ಕಚ್ಚಿ ಹಿಡಿಯುವ ವೈಸು, ಗೋಂದಿನ ಡಬ್ಬ, ಮೇಣ ಹಚ್ಚಿದ ಕಪ್ಪು ದಾರದ ಉಂಡೆ, ಚರ್ಮದ ಪಟ್ಟಿಗಳು. ಗೋಡೆಗೆ ಒರಗಿಸಿದ ಹಳೆಯ ಕೋಲುಗಳ ಸಾಲು. ಹಿಡಿಯಿಂದ ಕತ್ತಿನವರೆಗೆ ಹಿಕರಿ ಎಂಬ ಗಟ್ಟಿ ಮರ, ತುದಿಯಲ್ಲಿ ಮರದ್ದೋ ಕಬ್ಬಿಣದ್ದೋ ತಲೆ. ತಲೆಯೂ ಕೋಲೂ ಸೇರುವ ಕತ್ತಿಗೆ ಭಾವ ಮೇಣದ ದಾರ ಸುತ್ತುತ್ತಿದ್ದರು. ಒಂದು ಸುತ್ತಿನ ಮೇಲೆ ಇನ್ನೊಂದು ಹತ್ತಬಾರದು, ನಡುವೆ ಸಂದೂ ಬೀಳಬಾರದು. ಆಗ ಯಾರು ಮಾತಾಡಿಸಿದರೂ ಉತ್ತರವಿಲ್ಲ. ಕೆಲಸ ಮುಗಿದ ಮೇಲೆ ಕೋಲಿನ ಒಡೆಯರು ಬಂದು, ಅದನ್ನು ಹಿಂದೆ ಮುಂದೆ ತಿರುಗಿಸಿ, ಬೆರಳಾಡಿಸಿ, "ಮೇಸ್ತ್ರಿ, ಏನು ಕೈಚಳಕ ರೀ ನಿಮ್ಮದು!" ಎಂದರೆ ಮುಗಿಯಿತು. ಆ ದಿನ ಅವರಿಗೆ ಊಟ ಬೇಕಿರಲಿಲ್ಲ. ನನ್ನ ಅಕ್ಕ ಬದುಕಿದ್ದಾಗ ಇದನ್ನೇ ಎತ್ತಿ ಹಂಗಿಸುತ್ತಿದ್ದಳು. "ಇವರಿಗೆ ಅಡುಗೆ ಯಾಕೆ ಮಾಡ್ಬೇಕು? ಬಾಗಿಲಲ್ಲಿ ನಿಂತು ಕೈಚಳಕ, ಕೈಚಳಕ ಅಂತ ಕೂಗಿದ್ರೆ ಹೊಟ್ಟೆ ತುಂಬುತ್ತೆ" ಎನ್ನುತ್ತಿದ್ದಳು.

ಮೈದಾನ ಖಾಲಿಯಿದ್ದ ಒಂದು ಸಂಜೆ ಅವರು ನನ್ನ ಕೈಗೂ ಕೋಲು ಕೊಟ್ಟಿದ್ದರು. ಮೊದಲು ಹಳೆಯದು. "ಅವಸರ ಮಾಡ್ಬೇಡ ಕ್ಯಾಂಟೀನಮ್ಮ. ಮೇಲೆತ್ತಿದ ಮೇಲೆ ಒಂದು ಉಸಿರು ನಿಲ್ಲು. ಮರ ಬಾಗಿರುತ್ತೆ, ತಲೆ ಹಿಂದೆ ಉಳಿದಿರುತ್ತೆ. ಅದು ಬರೋವರೆಗೆ ಕಾದು ಹೊಡಿ" ಎಂದರು. ನಾನು ಯಾವತ್ತು ಯಾವುದಕ್ಕೆ ಕಾದವಳು? ಬೀಸಿಯೇಬಿಟ್ಟೆ. ಚೆಂಡು ಕೋಲಿನ ತುದಿಗೆ ತಗುಲಿ ಅಡ್ಡಡ್ಡ ಓಡಿತು, ಬೆರಳಿನಿಂದ ಮೊಣಕೈವರೆಗೆ ಜುಮ್ಮೆಂದಿತು. ಭಾವ ಹಿಗ್ಗಿಹೋದರು. "ನೋಡ್ದ್ಯಾ? ಎಲ್ಲಿ ತಪ್ಪಿತು ಅಂತ ಕೈಗೇ ಗೊತ್ತಾಯ್ತು!" ಆಮೇಲೆ ಯಾರೋ ಸದಸ್ಯರು ಬಿಟ್ಟುಹೋಗಿದ್ದ ಹೊಸ ಕೋಲು ಕೊಟ್ಟರು. ತಲೆ ನನ್ನ ಚಹಾದ ಪಾತ್ರೆಯಷ್ಟು ದಪ್ಪ, ಒಳಗೆಲ್ಲ ಪೊಳ್ಳು, ಹಿಡಿದರೆ ತೂಕವೇ ಇಲ್ಲ. ಮತ್ತೆ ಅದೇ ತಪ್ಪು ಹೊಡೆತ. ಮುಚ್ಚಳ ಬಿದ್ದ ಹಾಗೆ ಟಣ್ ಎಂದಿತು, ಚೆಂಡು ಹೋಗಿ ಎಲ್ಲೋ ದೂರದಲ್ಲಿ ಬಿತ್ತು. ಕೈಗೆ ಏನೂ ಆಗಲಿಲ್ಲ. ನನ್ನನ್ನು ಕೇಳಿದರೆ ಹೊಸದೇ ವಾಸಿ, ಹಾಗೆಂದೇ ಹೇಳಿದೆ. ಭಾವ ಎರಡು ದಿನ ಮುಖ ಊದಿಸಿಕೊಂಡು ಮಾತಿಲ್ಲದೆ ಲೋಟ ದಾಟಿಸಿದರು.

ಅಕ್ಕ ತೀರಿಕೊಂಡಾಗ ಅವರ ಮಗಳು ಇನ್ನೂ ಚಿಕ್ಕವಳು. ಅವಳಿಗೆ ಮೆಣಸು ಎಂದು ಅಡ್ಡಹೆಸರಿಟ್ಟವಳು ನಾನೇ. ಗಾತ್ರ ಅಷ್ಟೇ ಇತ್ತು, ಖಾರವೂ ಅಷ್ಟೇ ಇತ್ತು. ಶಾಲೆ ಬಿಟ್ಟ ಮೇಲೆ ಅವಳು ಬರುವುದು ವರ್ಕ್‌ಶಾಪಿಗೆ, ಓದುವುದು ಬೆಂಚಿನ ಕೆಳಗೆ, ನಿದ್ದೆ ಬಂದರೆ ನನ್ನ ಅಕ್ಕಿ ಚೀಲದ ಪಕ್ಕ. ಭಾವ ಹಳೆಯ ಮರದ ಕೋಲುಗಳನ್ನು ಅವಳ ಎತ್ತರಕ್ಕೆ ಕತ್ತರಿಸಿ, ಸಣ್ಣ ಕೈಗೆ ತಕ್ಕ ಹಾಗೆ ಚರ್ಮ ಸುತ್ತಿ ಕೊಟ್ಟರು. ಮೈದಾನದ ಅಂಚಿನಲ್ಲಿ, ಯಾರೂ ಆಡದ ಹೊತ್ತಿನಲ್ಲಿ, ಅಪ್ಪ ಮಗಳು ಆಡುತ್ತಿದ್ದರು. ನನಗೆ ಬಾರದ ಆ ಕಾಯುವಿಕೆ ಅವಳಿಗೆ ಬಂತು. ಕೋಲನ್ನು ಮೇಲೆತ್ತಿ ಅವಳು ಒಂದು ಗಳಿಗೆ ನಿಂತುಬಿಡುತ್ತಿದ್ದಳು. ಮರೆತಳೇನೋ ಎಂದುಕೊಳ್ಳುವಷ್ಟರಲ್ಲಿ ಚೆಂಡು ಹೋಗಿರುತ್ತಿತ್ತು. ತುಂಬ ದೂರ ಹೋಗುತ್ತಿರಲಿಲ್ಲ. ಆದರೆ ಇಟ್ಟ ಗುರಿಗೆ ಹೋಗುತ್ತಿತ್ತು.

ದೊಡ್ಡವಳಾಗಿ ಸದಸ್ಯರ ಮನೆಯ ಹುಡುಗಿಯರ ಜೊತೆ ಆಡತೊಡಗಿದಾಗ ಜಗಳ ಶುರುವಾಯಿತು. ಒಂದು ದಿನ ಅತ್ತುಕೊಂಡು ಬಂದಳು. "ಅವರ ಚೆಂಡು ನನ್ನದಕ್ಕಿಂತ ಎಷ್ಟು ಮುಂದೆ ಬೀಳುತ್ತೆ ಗೊತ್ತಾ ಅಪ್ಪ? ನಂಗೂ ಹೊಸ ಕೋಲು ಬೇಕು" ಎಂದಳು.

"ದೂರ ಹೋಗೋದೇ ದೊಡ್ಡದಾದ್ರೆ ಬಸ್ಸು ಹತ್ತು" ಎಂದರು ಭಾವ, ದಾರದಿಂದ ಕಣ್ಣೆತ್ತದೆ.

ನನಗೆ ನಗು ಬಂತು, ಅವಳಿಗೆ ಬರಲಿಲ್ಲ. ಕೊನೆಗೆ ಆಟ ನಿಲ್ಲಿಸಿದ್ದ ಒಬ್ಬ ಡಾಕ್ಟರಮ್ಮ ತಮ್ಮ ಹೊಸ ಸೆಟ್ಟನ್ನು ಚೀಲ ಸಮೇತ ಅವಳಿಗೆ ಕೊಟ್ಟರು. ಮರದ ಕೋಲು ಕಲಿಸಿದ ತಾಳ್ಮೆಗೆ ಹೊಸ ಕೋಲಿನ ಬಲ ಸೇರಿತು. ಅವಳು ಗೆಲ್ಲತೊಡಗಿದಳು. ಭಾವ ಆ ಚೀಲವನ್ನು ಮುಟ್ಟಿಯೂ ನೋಡಲಿಲ್ಲ. ಹೊಸ ಕೋಲಿಗೆ ದಾರ ಬೇಡ, ಚರ್ಮ ಬೇಡ, ವಾರ್ನಿಷ್ ಬೇಡ. ಮುರಿದರೆ ಎಸೆಯುವುದು, ಇನ್ನೊಂದು ತರುವುದು. ಸದಸ್ಯರೆಲ್ಲ ಒಬ್ಬೊಬ್ಬರಾಗಿ ಹೊಸದಕ್ಕೆ ಬದಲಾಗಿದ್ದರು. ಭಾವನಿಗೆ ಉಳಿದದ್ದು ರಬ್ಬರ್ ಹಿಡಿ ಬದಲಾಯಿಸುವ ಕೆಲಸ ಒಂದೇ. ರಬ್ಬರ್ ಹಿಡಿ ನೋಡಿ ಕೈಚಳಕ ಎನ್ನುವವರು ಯಾರು? ಆ ಮಾತು ಕೇಳದೆ ಅವರು ಬಾಡಿಹೋಗಿದ್ದರು. ನಾನು ಕಣ್ಣಾರೆ ನೋಡಿದ್ದೇನೆ.

ಆ ವರ್ಷ ಕ್ಲಬ್ಬಿನವರು ಹೆಣ್ಣುಮಕ್ಕಳ ಪಂದ್ಯ ಏರ್ಪಡಿಸಿದರು. ಗೆದ್ದವಳು ಹೊರಗಿನ ಪಂದ್ಯಗಳಲ್ಲಿ ಕ್ಲಬ್ಬಿನ ಪರವಾಗಿ ಆಡಬೇಕು, ಮಕ್ಕಳಿಗೆ ಆಟ ಕಲಿಸುವ ಕೆಲಸವೂ ಅವಳಿಗೇ. ಮೆಣಸು ಆ ಕೆಲಸದ ಮೇಲೆ ಜೀವ ಇಟ್ಟಿದ್ದಳು. ಪಂದ್ಯದ ಹಿಂದಿನ ದಿನ ಚೀಲವನ್ನು ತಂದು ಬೆಂಚಿನ ಮೇಲಿಟ್ಟು, "ಅಪ್ಪ, ಒಂದು ಕೋಲಿನ ಹಿಡಿ ಸಡಿಲ ಆಗಿದೆ, ಹೊಸ ರಬ್ಬರ್ ಹಾಕ್ಕೊಡು" ಎಂದು ಹೇಳಿ ಹೋದಳು.

ಭಾವ ಹಿಡಿ ಹಾಕಿದರು. ಆಮೇಲೆ ಚೀಲದಿಂದ ಗಿಡ್ಡ ಕಬ್ಬಿಣದ ಕೋಲನ್ನು ತೆಗೆದರು. ಕೊನೆಗೆ ಚೆಂಡು ಬೀಳಬೇಕಾದ ಕುಳಿಯ ಹತ್ತಿರಕ್ಕೆ ಅದನ್ನು ಎತ್ತಿ ಹಾಕುವುದು ಅದರಲ್ಲೇ. ಅದರ ಮುಖದ ಮೇಲೆ ಅಡ್ಡ ಗೀರುಗಳಿರುತ್ತವೆ. ಆ ಗೀರು ಚೆಂಡನ್ನು ಕಚ್ಚಿದರೆ ಚೆಂಡು ಬಿದ್ದ ಕಡೆ ಓಡದೆ ನಿಲ್ಲುತ್ತದೆ. ಹಳೆಯ ಕಾಲದಲ್ಲಿ ಕೋಲು ಮಾಡುವವನು ಆ ಗೀರುಗಳನ್ನು ತನ್ನ ಕೈಯಲ್ಲೇ, ತನಗೆ ಸರಿ ಕಂಡಷ್ಟು ಆಳಕ್ಕೆ ಕೊರೆಯುತ್ತಿದ್ದ. ಈಗ ಅದಕ್ಕೆ ನಿಯಮ ಬಂದಿದೆ. ಇಷ್ಟೇ ಆಳ, ಇಷ್ಟೇ ಅಗಲ. ಕಾರ್ಖಾನೆಯಿಂದ ಬಂದದ್ದನ್ನು ಕೆದಕಿದರೆ ಅದು ಮೋಸ. ಮೇಸ್ತ್ರಿಗೆ ಇದು ಗೊತ್ತಿರಲಿಲ್ಲವೇ ಎಂದು ಆಮೇಲೆ ಎಲ್ಲರೂ ಕೇಳಿದರು. ನಿಜವಾಗಿಯೂ ಗೊತ್ತಿರಲಿಲ್ಲ. ಹೊಸ ಕೋಲುಗಳ ವಿಷಯವನ್ನು ಅವರು ಕಿವಿಗೇ ಹಾಕಿಕೊಂಡಿರಲಿಲ್ಲ. ಕೈಗೆ ಬಂದ ಕೋಲನ್ನು ಇನ್ನಷ್ಟು ಚೆನ್ನಾಗಿ ಮಾಡದೆ ವಾಪಸು ಕೊಡುವುದು ಅವರ ಪ್ರಕಾರ ತಪ್ಪು.

"ಇದಕ್ಕೆ ಗೀರೇ ಇಲ್ಲ ಕಣೇ, ಬರೀ ಗೆರೆ ಎಳೆದಿದಾರೆ" ಎಂದು ಕಿಟಕಿಯಿಂದ ನನಗೆ ತೋರಿಸಿದರು. ಸಣ್ಣ ಅರ ತೆಗೆದುಕೊಂಡು ಮಧ್ಯಾಹ್ನವೆಲ್ಲ ಕೂತು ಒಂದೊಂದೇ ಗೀರನ್ನು ಆಳ ಮಾಡಿದರು. ಪ್ರತಿ ಗೀರಿನ ಕೊನೆಯಲ್ಲಿ ಅರವನ್ನು ಸ್ವಲ್ಪ ಮೇಲಕ್ಕೆ ತಿರುಗಿಸುವುದು ಅವರ ಅಭ್ಯಾಸ, ಅದನ್ನೂ ಮಾಡಿದರು. ಎಣ್ಣೆ ಹಾಕಿ ಒರೆಸಿ ಚೀಲಕ್ಕೆ ಹಾಕಿದರು. ಎಷ್ಟೋ ದಿನದ ಮೇಲೆ ಆ ಮುಖದಲ್ಲಿ ಕಳೆ ಇತ್ತು. "ಅವಳಿಗೆ ಹೇಳ್ಬೇಡ. ಗೆದ್ದ ಮೇಲೆ ನಾನೇ ಹೇಳ್ತೀನಿ" ಎಂದರು.

ಪಂದ್ಯದ ಮೊದಲ ದಿನ ಸಂಜೆ ಮೆಣಸು ಹಾರಿಕೊಂಡು ಬಂದಳು. "ಅಪ್ಪ, ಇವತ್ತು ಚೆಂಡು ನಾನು ನಿಲ್ಲು ಅಂದ ಕಡೆ ನಿಂತ್ಕೊಳ್ತು! ನನ್ನ ಕೈ ಇಷ್ಟು ಚೆನ್ನಾಗಿ ಯಾವತ್ತೂ ಬಿದ್ದಿರ್ಲಿಲ್ಲ" ಎಂದಳು. ಭಾವ ಮೀಸೆಯೊಳಗೇ ನಕ್ಕು ಗೋಂದಿನ ಡಬ್ಬದ ಮುಚ್ಚಳ ಹಾಕಿದರು.

ಎರಡನೆಯ ದಿನ ಅವಳೇ ಎಲ್ಲರಿಗಿಂತ ಮುಂದಿದ್ದಳು. ನಾನು ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಹೋಗಿ, ನೋಡುವವರಿಗೆಂದು ಕಟ್ಟಿದ್ದ ಹಗ್ಗದ ಈಚೆ ಭಾವನ ಪಕ್ಕ ನಿಂತಿದ್ದೆ. ಜೊತೆಗೆ ಆಡುತ್ತಿದ್ದ ಹುಡುಗಿಗೆ ಏನು ಅನುಮಾನ ಬಂತೋ, ತಪಾಸಣೆಯವರನ್ನು ಕರೆಸಿದಳು. ಬಂದವರು ಎತ್ತರದ ಆಳು, ಗಟ್ಟಿ ಗಂಟಲು. ಮೆಣಸಿನ ಕೈಯಿಂದ ಗಿಡ್ಡ ಕೋಲನ್ನು ತೆಗೆದುಕೊಂಡರು, ಬಿಸಿಲಿಗೆ ಹಿಡಿದರು, ಮುಖದ ಮೇಲೆ ಬೆರಳಾಡಿಸಿದರು, ಪಕ್ಕದಲ್ಲಿದ್ದವರಿಗೂ ತೋರಿಸಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಯಾರದಮ್ಮ ಇದು? ಯಾರ ಕೈಚಳಕ?" ಎಂದರು.

ಆ ಮಾತಿಗೆ ಎರಡು ಮುಖ. ಕುಶಲ ಕೆಲಸಕ್ಕೂ ಕೈಚಳಕ ಅನ್ನುತ್ತೇವೆ, ಜೇಬು ಕತ್ತರಿಸುವವನದೂ ಕೈಚಳಕವೇ. ಭಾವನಿಗೆ ಒಂದು ಮುಖವೇ ಗೊತ್ತಿತ್ತು. ಅವರ ಬೆನ್ನು ನೆಟ್ಟಗಾಯಿತು. ಒಂದು ಹೆಜ್ಜೆ ಮುಂದಕ್ಕೂ ಇಟ್ಟರು.

ಅಷ್ಟರಲ್ಲಿ, ಎರಡು ದಿನವೂ ಆಟದ ಗಡಿಬಿಡಿಯಲ್ಲಿ ಗೀರಿನ ಕಡೆ ಗಮನ ಕೊಡದಿದ್ದ ಮೆಣಸು ಈಗ ಕೋಲನ್ನು ನೋಡಿದಳು. ಗೀರಿನ ತುದಿ ಮೇಲಕ್ಕೆ ತಿರುಗಿದ್ದನ್ನು ನೋಡಿ ಅದು ಯಾರ ಕೆಲಸ ಎಂದು ಅವಳಿಗೆ ತಿಳಿಯದಿರುತ್ತದೆಯೇ? "ನಂದೇ" ಎಂದಳು.

ಅಪ್ಪನ ತಪ್ಪನ್ನು ಇವಳು ತನ್ನ ಮೇಲೆ ಹಾಕಿಕೊಂಡಳಲ್ಲ ಎಂದುಕೊಂಡೆ. ಭಾವ ಮಾತ್ರ ನನ್ನ ಕಡೆ ತಿರುಗಿ, "ಕೇಳಿದ್ಯಾ? ನಂದೇ ಅಂತಾಳೆ. ಅಷ್ಟು ಜನರ ಎದುರಿಗೆ ಅಪ್ಪನ ಕೆಲಸವನ್ನ ತನ್ನದು ಅಂದ್ಲು" ಎಂದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಜನರನ್ನು ಸರಿಸಿಕೊಂಡು ಹೊರಟೇಬಿಟ್ಟರು. ಮೆಣಸು ತಿರುಗಿ ನಮ್ಮ ಕಡೆ ನೋಡಿದಾಗ ಅವಳಿಗೆ ಕಂಡದ್ದು ವರ್ಕ್‌ಶಾಪಿನ ದಾರಿ ಹಿಡಿದಿದ್ದ ಅಪ್ಪನ ಬೆನ್ನು.

ಅವಳನ್ನು ಪಂದ್ಯದಿಂದ ತೆಗೆದರು. ಕೋಲು ಕೆದಕಿ ಮೋಸ ಮಾಡಿದಳು, ತಾನೇ ಒಪ್ಪಿಕೊಂಡಳು ಎಂಬ ಮಾತು ಅರ್ಧ ಗಂಟೆಯಲ್ಲಿ ನನ್ನ ಕ್ಯಾಂಟೀನಿಗೂ ಬಂತು. ಆ ಮೈದಾನಕ್ಕೆ ಅವಳು ಇನ್ನು ಕಾಲಿಡುವ ಹಾಗಿರಲಿಲ್ಲ. ನಾನು ಒಲೆ ಆರಿಸಿ ವರ್ಕ್‌ಶಾಪಿಗೆ ಹೋದೆ. ಭಾವ ಇನ್ನೂ ಸಿಟ್ಟಿನಲ್ಲೇ ಅರ ಉಜ್ಜುತ್ತಿದ್ದರು. ನಡೆದದ್ದನ್ನು ಹೇಳಿದೆ. ಕೇಳುತ್ತ ಕೇಳುತ್ತ ಅವರು ಸ್ಟೂಲಿನ ಮೇಲೆ ಕೂತರು. ಹೇಳಿ ಮುಗಿಸಿದ ಮೇಲೂ, "ಹೊಗಳಿದ್ದಲ್ವಾ ಅದು? ಹೊಗಳಿದ್ದಲ್ವಾ?" ಎಂದು ಕೇಳುತ್ತಲೇ ಇದ್ದರು. ನನಗೆ ಮೈಯೆಲ್ಲ ಉರಿಯಿತು, ಅಳುವೂ ಬಂತು.

"ಈಗಲೇ ಎದ್ದು ಹೋಗಿ. ನಾನು ಮಾಡಿದ್ದು ಅಂತ ಹೇಳಿ" ಎಂದೆ.

ಅವರು ಮೊದಲು ಮನೆಗೆ ಹೋದರು, ಮಗಳ ಹತ್ತಿರ. ಅವಳು ತಟ್ಟೆ ಹಾಕಿ ಬಡಿಸಿದಳು. ಅವರು ಬಾಯಿ ತೆಗೆದದ್ದೇ ತಡ, "ನಾನೇ ಮಾಡ್ದೆ ಅಂತ ಹೇಳಾಗಿದೆ. ಇನ್ನು ಆ ಮಾತು ಈ ಮನೇಲಿ ಬೇಡ" ಎಂದಳಂತೆ. ಅವರು ಉಂಡು ಎದ್ದರು. ಬೇಡ ಎಂದರೆ ಬೇಡವೇ? ಮಗಳು ಬೇಡ ಎಂದ ಎಷ್ಟು ಮಾತನ್ನು ಈ ಮನುಷ್ಯ ಅದಕ್ಕೆ ಮುಂಚೆ ಕೇಳಿದ್ದರು? ಮರುದಿನ ಹೇಳುತ್ತೇನೆ ಎಂದರು, ಮರುದಿನ ಬಂತು. ಮುಂದಿನ ವಾರ ಎಂದರು, ಅದೂ ಬಂತು. ತಡವಾದಷ್ಟೂ ಹೇಳುವುದು ಕಷ್ಟವಾಯಿತು. ಕಿಟಕಿಯಲ್ಲಿ ಚಹಾ ಕೊಡುವಾಗೆಲ್ಲ ನಾನು ಕಣ್ಣಲ್ಲೇ ಕೇಳುತ್ತಿದ್ದೆ, ಅವರು ಲೋಟ ನೋಡುತ್ತಿದ್ದರು.

ಮೆಣಸು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ಅಪ್ಪನಿಗೆ ಹೊತ್ತುಹೊತ್ತಿಗೆ ಅಡುಗೆ, ಬಟ್ಟೆಗೆ ಇಸ್ತ್ರಿ, ಕಾಯಿಲೆ ಬಂದರೆ ಔಷಧಿ, ಯಾವುದರಲ್ಲೂ ಕೊರತೆಯಿಲ್ಲ. ಆದರೆ ಖಾರವೆಲ್ಲ ಹೋಗಿತ್ತು. ಅಪ್ಪನ ಮುಖ ನೋಡಿ ಮಾತಾಡುವುದನ್ನೂ ಬಿಟ್ಟಿದ್ದಳು. ಹೀಗೆ ಒಂದೇ ಸೂರಿನ ಕೆಳಗೆ ಇಬ್ಬರೂ ಕೆಲವು ವರ್ಷ ಕಳೆದರು.

ಅಷ್ಟರಲ್ಲಿ ಹಳೆಯ ಕೋಲಿಗೆ ಮತ್ತೆ ಕಾಲ ಬಂತು. ಹೊಸದರಲ್ಲಿ ಆಡಿ ಬೇಸತ್ತವರೋ, ಸ್ವಲ್ಪ ಕಷ್ಟ ಪಡಬೇಕೆಂಬ ಚಪಲದವರೋ, ಅಟ್ಟದಲ್ಲಿದ್ದ ಅಜ್ಜಂದಿರ ಕೋಲುಗಳನ್ನು ಇಳಿಸಿಕೊಂಡು ಬಂದರು. ಬರೀ ಮರದ ಕೋಲಿನಲ್ಲೇ ಆಡುವ ಪಂದ್ಯವನ್ನು ಕ್ಲಬ್ಬು ಶುರು ಮಾಡಿತು. ಭಾವನ ಬೆಂಚು ತುಂಬಿತು. ಮತ್ತೆ ಅದೇ ತಿರುಗಿಸಿ ನೋಡುವುದು, ಅದೇ ಹೊಗಳಿಕೆ. ಈಗ ಆ ಮಾತು ಕಿವಿಗೆ ಬಿದ್ದರೆ ಅವರು ಮುಖ ತಗ್ಗಿಸಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಕ್ಲಬ್ಬಿನ ಕಾರ್ಯದರ್ಶಿ ಯಾರೋ ಅತಿಥಿಗಳನ್ನು ವರ್ಕ್‌ಶಾಪಿಗೆ ಕರೆದುಕೊಂಡು ಬಂದರು. "ಇವರೇ ನಮ್ಮ ಮೇಸ್ತ್ರಿ. ಇಂಥ ಕೆಲಸ ಎಲ್ಲೂ ಸಿಗಲ್ಲ. ಮೋಸ ಅನ್ನೋದೇ ಗೊತ್ತಿಲ್ಲದ ಮನುಷ್ಯ" ಎಂದರು. ಬಾಗಿಲ ಕಡೆ ತಿರುಗಿದ ಮೇಲೆ ಸ್ವಲ್ಪ ದನಿ ತಗ್ಗಿಸಿ, "ಮಗಳು ಮಾತ್ರ ಯಾಕೋ ಹಾಗಾದ್ಲು, ಪಾಪ" ಎಂದು ಸೇರಿಸಿದರು.

ನಾನು ಕಿಟಕಿಯಲ್ಲಿದ್ದೆ. ಭಾವ ಅರ್ಧ ಸುತ್ತಿದ್ದ ದಾರವನ್ನು ಕೈಬಿಟ್ಟರು. ಅವರು ಅರ್ಧಕ್ಕೆ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ದಾರವೆಲ್ಲ ಬಿಚ್ಚಿಕೊಂಡು ನೆಲಕ್ಕೆ ಬಿತ್ತು.

"ಸಾರ್, ಅದು ನಾನು ಮಾಡಿದ್ದು."

"ಯಾವುದು ಮೇಸ್ತ್ರಿ?"

"ಅವತ್ತು ಆ ಕೋಲಿನ ಗೀರು. ನಾನೇ ಕೊರೆದಿದ್ದು. ಅವಳಿಗೆ ಗೊತ್ತೇ ಇರ್ಲಿಲ್ಲ."

ಅತಿಥಿಗಳು ಮುಖ ಮುಖ ನೋಡಿಕೊಂಡರು. ಭಾವ ಇನ್ನೊಮ್ಮೆ ಹೇಳಿದರು, ಈ ಸಲ ಜೋರಾಗಿ. ಅದೇ ವಾರ ಕ್ಲಬ್ಬಿನ ಹಿರಿಯರು ಅವರನ್ನು ಕರೆಸಿ ಕೂರಿಸಿ ಕೇಳಿದರು, ಅಲ್ಲೂ ಹೇಳಿದರು. ಕೋಲು ಯಾರೇ ಕೆದಕಿದ್ದರೂ ಆಡುವವಳೇ ಹೊಣೆ, ಆದ್ದರಿಂದ ಪಂದ್ಯದಿಂದ ತೆಗೆದದ್ದು ತೆಗೆದದ್ದೇ. ಆದರೆ ಮೋಸ ಮಾಡಿದಳೆಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂದರು. ಭಾವನಿಗೆ, "ವಯಸ್ಸೂ ಆಯ್ತಲ್ಲ ಮೇಸ್ತ್ರಿ, ಇನ್ನು ಆರಾಮಾಗಿರಿ" ಎಂದರು. ಅದರ ಅರ್ಥ ಬೀಗದ ಕೈ ಇಟ್ಟು ಹೋಗು ಎಂದು. ಅವರು ಇಟ್ಟು ಬಂದರು. ಗೋಡೆಗೆ ಒರಗಿದ್ದ ತಮ್ಮ ಸ್ವಂತದ ಕೋಲುಗಳನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಹೊತ್ತುಕೊಂಡು ಹೋಗುವುದನ್ನು ನಾನು ನಿಂತು ನೋಡಿದೆ. ಅವತ್ತು ಮಾಡಿದ ಚಹಾವನ್ನೆಲ್ಲ ಮೋರಿಗೆ ಚೆಲ್ಲಿದೆ.

ಕಾರ್ಯದರ್ಶಿ ಮನುಷ್ಯ ಒಳ್ಳೆಯವರು. ತಾವೇ ಕನ್ನಡಕದ ಅಂಗಡಿಗೆ ಹೋಗಿ ಮೆಣಸಿಗೆ ವಿಷಯ ತಿಳಿಸಿದರು. ಕಲಿಸುವ ಕೆಲಸಕ್ಕೆ ಆಗಲೇ ಬೇರೆಯವರಿದ್ದರು, ಆದರೆ ಬಂದು ಆಡಬಹುದು, ರಜೆಯ ದಿನ ಮಕ್ಕಳಿಗೂ ಹೇಳಿಕೊಡಬಹುದು ಎಂದರು. ಅವಳು ಕೈಯಲ್ಲಿದ್ದ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ನೇರ ಮನೆಗೆ ಬಂದಳು. ನಾನೂ ಅಲ್ಲೇ ಇದ್ದೆ. ಚಪ್ಪಲಿ ಸಮೇತ ಒಳಗೆ ಬಂದು ಅಪ್ಪನ ಎದುರು ನೆಲದ ಮೇಲೆ ಕೂತಳು. ಎಷ್ಟೋ ವರ್ಷದ ಮೇಲೆ ಅವರ ಮುಖ ನೋಡಿ ಮಾತಾಡಿದಳು.

"ಅವತ್ತು ನಮ್ಮಪ್ಪ ಮಾಡಿದ್ದು ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ. ನಂದೇ ಅಂದ್ಬಿಟ್ಟೆ. ನೀನು ಮುಂದೆ ಬಂದು ಅಲ್ಲ ಅಂತೀ ಅಂದ್ಕೊಂಡಿದ್ದೆ. ತಿರುಗಿ ನೋಡಿದ್ರೆ ನೀನು ಹೋಗ್ತಾ ಇದ್ದೆ." ಅವಳು ಅವರ ಮೊಣಕಾಲಿನ ಮೇಲೆ ಕೈಯಿಟ್ಟಳು. "ತುಂಬ ದಿನ ಸಿಟ್ಟಿತ್ತು. ಆಮೇಲೆ ಯೋಚನೆ ಮಾಡ್ದೆ. ಅಮ್ಮ ಇಲ್ಲ, ಆ ವರ್ಕ್‌ಶಾಪ್ ಬಿಟ್ರೆ ನಿಂಗೆ ಬೇರೆ ಏನಿತ್ತು? ನೀನು ಹೆದರ್ಕೊಂಡು ಹೋದೆ. ಯಾರಾದ್ರೂ ಹೆದರ್ತಾರೆ. ಈಗ ಅದನ್ನೂ ಬಿಟ್ಟುಕೊಟ್ಟು ಹೇಳಿದ್ಯಲ್ಲ, ಸಾಕು ಬಿಡು."

ಭಾವ ನನ್ನ ಕಡೆ ನೋಡಿದರು. ಆಮೇಲೆ ಅವಳ ತಲೆ ಸವರಿದರು.

ಆ ದಿನ ಅವಳು ಹೊಟ್ಟೆ ತುಂಬ ಉಂಡಳು. ಅಂಗಡಿಯ ಮಾಲೀಕರ ನಡಿಗೆಯನ್ನು ಅಣಕಿಸಿ ತೋರಿಸಿದಳು, ನನ್ನ ಸಾರಿಗೆ ಉಪ್ಪಿಲ್ಲ ಎಂದು ಜಗಳ ತೆಗೆದಳು. ಕಳೆದುಹೋಗಿದ್ದ ಹುಡುಗಿ ಮನೆಗೆ ಬಂದ ಹಾಗಾಯಿತು. ಅವಳು ಪಾತ್ರೆ ತೊಳೆಯಲು ಎದ್ದಾಗ ನಾನು ಭಾವನ ಹತ್ತಿರ ಪಿಸುಗುಟ್ಟಿದೆ. "ಹೆದರಿ ಹೋಗಿದ್ದಲ್ಲ ಅಂತ ಹೇಳಲ್ವಾ?"

"ಹೇಗೆ ಹೇಳ್ಲಿ? ಅವಳು ಅಷ್ಟು ಜನರ ಮುಂದೆ ನನಗೋಸ್ಕರ ಕಳ್ಳಿ ಆಗ್ತಿದ್ದಾಗ, ಹೊಗಳಿಕೆ ನನಗೆ ಸಿಗ್ಲಿಲ್ಲ ಅಂತ ಮುನಿಸ್ಕೊಂಡು ಹೋದೆ ಅಂತ ಹೇಳ್ಲಾ?" ಎಂದರು. "ಕೇಳು, ಅವಳು ನಗ್ತಿದಾಳೆ."

ಒಳಗೆ ಅವಳು ನಿಜವಾಗಿಯೂ ಏನೋ ನೆನೆಸಿಕೊಂಡು ನಗುತ್ತಿದ್ದಳು. ನಾನು ಮತ್ತೆ ಒತ್ತಾಯಿಸಲಿಲ್ಲ. ಅದು ನಾನು ಹೇಳುವ ಮಾತೂ ಅಲ್ಲ, ಅವರೇ ಹೇಳಬೇಕಾದದ್ದು.

ಕೆಲವು ವಾರಗಳ ನಂತರ, ಅಂಗಡಿಗೆ ರಜೆಯಿದ್ದ ಒಂದು ಬೆಳಿಗ್ಗೆ, ಮೆಣಸು ಅಪ್ಪನನ್ನು ಎಬ್ಬಿಸಿ ಮೈದಾನಕ್ಕೆ ಕರೆದುಕೊಂಡು ಹೋದಳು. ನನ್ನನ್ನೂ ಬಿಡಲಿಲ್ಲ. ಹುಲ್ಲು ಇನ್ನೂ ಒದ್ದೆಯಿತ್ತು. ಅವಳ ಹೆಗಲಿಗೆ ಡಾಕ್ಟರಮ್ಮನ ಚೀಲ, ಭಾವನ ಕೈಯಲ್ಲಿ ಮರದ ಕೋಲು ಒಂದೇ. ಮೊದಲು ಅವಳು ಹೊಸ ಕೋಲಿನಿಂದ ಹೊಡೆದಳು. ಚೆಂಡು ಕಣ್ಣಿಗೆ ಕಾಣದಷ್ಟು ದೂರ ಹೋಯಿತು. ಆಮೇಲೆ ಅಪ್ಪನ ಕೋಲಿಗೆ ಕೈ ಚಾಚಿದಳು. ಮೇಲೆತ್ತಿ ನಿಂತಳು, ಚಿಕ್ಕಂದಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ. ಕೋಲು ಕೆಳಗೆ ಬಂತು, ಸದ್ದು ಮೆತ್ತಗಿತ್ತು. ಚೆಂಡು ಅರ್ಧ ದೂರವೂ ಹೋಗದೆ ಸ್ವಲ್ಪ ಬಲಕ್ಕೆ ವಾಲಿ ಬಿತ್ತು. ಅವಳು ಕೈ ಕೊಡವಿಕೊಂಡು ನಕ್ಕಳು.

"ಅಬ್ಬಾ, ಬೆರಳಿಗೇ ಬಡೀತು. ಬೇಗ ಇಳಿಸ್ಬಿಟ್ಟೆ. ಹೊಸದರಲ್ಲಿ ಹೀಗೆ ಹೊಡೆದ್ರೂ ಗೊತ್ತೇ ಆಗಲ್ಲ ಚಿಕ್ಕಮ್ಮ, ಚೆಂಡು ಹೋಗಿರುತ್ತೆ, ನಾನು ಸರಿಯಾಗೇ ಹೊಡೆದೆ ಅಂದ್ಕೊಂಡು ಮುಂದೆ ಹೋಗ್ತೀನಿ. ಪಂದ್ಯಕ್ಕೆ ಅದೇ ಬೇಕು. ಆದ್ರೆ ಕಲಿಯೋಕೆ ಇದು." ಕೋಲನ್ನು ಅಪ್ಪನ ಕೈಗೆ ವಾಪಸು ಕೊಡುತ್ತ ಅವರ ತೋಳು ಹಿಡಿದುಕೊಂಡಳು. "ಮುಂದಿನ ರಜೆಯಿಂದ ಮಕ್ಕಳಿಗೂ ಹೀಗೇ ಶುರು ಮಾಡಿಸ್ತೀನಿ. ನಮ್ಮಪ್ಪ ಕಲಿಸಿದ್ದು ಅಂತ ಹೇಳ್ತೀನಿ. ಹೆದರಿದ್ರೂ ಕೊನೆಗೆ ಬಂದು ನಿಜ ಹೇಳಿದೋರು ಅಂತ್ಲೂ ಹೇಳ್ತೀನಿ."

ಭಾವ ತಮ್ಮ ತೋಳನ್ನು ಮೆಲ್ಲಗೆ ಬಿಡಿಸಿಕೊಂಡರು. "ಹಾಗೆ ಹೇಳ್ಬೇಡ ಮಗಳೇ" ಎಂದರು.

"ಯಾಕೆ?"

"ನಾನು ಹೆದರಿ ಹೋಗಿದ್ದಲ್ಲ. ಅವರು ಯಾರ ಕೈಚಳಕ ಅಂದ್ರಲ್ಲ, ಅದು ಹೊಗಳಿಕೆ ಅಂದ್ಕೊಂಡೆ. ನೀನು ನಂದೇ ಅಂದಾಗ ನನ್ನ ಕೆಲಸನ ನೀನು ಹೊಡ್ಕೊಂಡೆ ಅನ್ನಿಸ್ತು. ಹೊಟ್ಟೆ ಉರೀತು. ಅದಕ್ಕೆ ಹೊರಟ್ಹೋದೆ. ನಿನ್ನ ಚಿಕ್ಕಮ್ಮ ಪಕ್ಕದಲ್ಲೇ ಇದ್ಲು, ಕೇಳು."

ಮೆಣಸು ನನ್ನ ಕಡೆ ತಿರುಗಿದಳು. ನಾನು ತಲೆಯಾಡಿಸಿದೆ. ಅವಳು ಹೊಸ ಕೋಲನ್ನು ಒರೆಸಿ ಚೀಲಕ್ಕೆ ಹಾಕಿದಳು. ದೂರದಲ್ಲಿ ಯಾರೋ ಹುಲ್ಲು ಕತ್ತರಿಸುವ ಯಂತ್ರ ಶುರು ಮಾಡಿದರು.

"ಹೆದರಿಕೆ ಅಂದ್ಕೊಂಡು ಕ್ಷಮಿಸಿದ್ದೆ ಅಪ್ಪ" ಎಂದಳು ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಅದಕ್ಕೇ ಇಷ್ಟು ವರ್ಷ ಹಿಡೀತು. ಈಗ ಇದನ್ನ ಮತ್ತೆ ಮೊದಲಿಂದ ಶುರು ಮಾಡ್ಬೇಕಾ?"

"ಹೂಂ" ಎಂದರು ಭಾವ. ಅವರ ಕಣ್ಣಲ್ಲಿ ನೀರು ತುಂಬಿತ್ತು, ಒರೆಸಿಕೊಳ್ಳಲಿಲ್ಲ. "ಸ್ವಲ್ಪ ಬೇಗ ಶುರು ಮಾಡು ಮಗಳೇ. ನಂಗೂ ವಯಸ್ಸಾಯ್ತು."

ಅವಳು ಚೀಲವನ್ನು ಹೆಗಲಿಗೇರಿಸಿ, ಬಲಕ್ಕೆ ಬಿದ್ದಿದ್ದ ಚೆಂಡಿನ ಕಡೆಗೆ ಒಬ್ಬಳೇ ನಡೆದಳು. ಭಾವ ಅವಳ ಹಿಂದೆ ಹೋಗಲು ಹೆಜ್ಜೆ ಎತ್ತಿ, ಕರೆಯುತ್ತಾಳೇನೋ ಎಂದು ಅಲ್ಲೇ ನಿಂತರು.